ತಿಥಿಯ ಮನೆಯ ನಗೆ

ಈಚೆಗೆ ನಮ್ಮ ಹಿರೇಹಡಗಲಿಯ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳೊಡನೆ ಕುಳಿತು ‘ತಿಥಿ’ ಎಂಬ ಚಲನಚಿತ್ರವನ್ನು ನೋಡಿದೆನು. ಈರೇಗೌಡರ ಕಥೆಯನ್ನು ರಾಮ್ ರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರವು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಪಾತ್ರಧಾರಿಗಳು ಮಂಡ್ಯದ ಕಡೆಯ ಹಳ್ಳಿಗರೇ ಹೊರತು ವೃತ್ತಿನಟರಲ್ಲ.

ನೂರೊಂದು ವರ್ಷದ ಸೆಂಚುರಿಗೌಡನು ತೀರಿಕೊಳ್ಳುತ್ತಾನೆ. ಅವನ ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ. ಮೊಮ್ಮಗ ತಮ್ಮಣ್ಣನಿಗೋ ಅಜ್ಜನ ಜಮೀನನ್ನು ಮಾರುವ ಆತುರ. ಆದುದರಿಂದ ಬದುಕಿರುವ ತಂದೆಯನ್ನೇ ಸತ್ತನೆಂದು ಕಾಗದ ಮಾಡಿಸುತ್ತಾನೆ.

ನನ್ನ ಮೊಮ್ಮಗನು ಬಿದ್ದು ಬಿದ್ದು ನಕ್ಕನು. ಸೊಸೆಯು, “ಇಂಥಾ ಮನಿನೂ ಇರ್ತಾವೇನ್ರೀ ಮಾವಾರ?” ಎಂದಳು. ನೆರೆಯ ಮಿತ್ರರು, ಸಾವಿನ ಮನೆಯನ್ನು ಹಾಸ್ಯಕ್ಕೆ ವಸ್ತುವಾಗಿಸಿದುದು ಅಪಚಾರವೆಂದರು. ನಾನೂ ಮೊದಲು ಹಾಗೆಯೇ ಎಣಿಸಿದೆನು. ಹಾಸ್ಯಕ್ಕೆ ಕರುಣವು ವಿರೋಧಿರಸವೆಂದು ಆಲಂಕಾರಿಕರು ಹೇಳಿದ್ದಾರಷ್ಟೆ.

ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನ ತಂದೆಯವರ ಹನ್ನೊಂದನೆಯ ದಿನ, ದರ್ಭೆಯು ಕೈಯಲ್ಲಿರುವಾಗಲೇ ನಾನೂ ತಮ್ಮನೂ ಹೊಲದ ಬದುವಿಗಾಗಿ ಜಗಳಾಡಿದ್ದೆವು. ಮಂತ್ರದ ಅರ್ಥವನ್ನು ಬಲ್ಲವನು ನಾನು. ಮೊದಲು ದನಿಯೆತ್ತಿದವನೂ ನಾನೇ. ಆಗ ಯಾರೂ ನಗಲಿಲ್ಲ. ನಕ್ಕಿದ್ದರೆ ನಾಚಿ ಸುಮ್ಮನಾಗುತ್ತಿದ್ದೆವೇನೋ! ಶೋಕವು ಮುಚ್ಚಿಟ್ಟ ಲೋಭವನ್ನು ನಗೆಯು ಬಯಲಿಗೆಳೆಯುವುದಾದರೆ ಅದು ಅಪಚಾರವಲ್ಲ, ಹಿತವಚನವೇ ಸರಿ.

ಬೆಳಗಾದ ಮೇಲೆ ಸೊಸೆಗೆ ಹೇಳಿದೆನು: “ಇರ್ತಾವವ್ವಾ, ನಮ್ಮದೂ ಅಂಥಾದ್ದೇ.” ಬಳಿಕ ತಮ್ಮನಿಗೆ ಕಾಗದ ಬರೆಯಲು ಕುಳಿತೆನು. ಇಪ್ಪತ್ತು ವರ್ಷಗಳಿಂದ ಬರೆದಿರಲಿಲ್ಲ.