ಯಾರೂ ತೊಗೊಳ್ಳಲಾರದ ಗಿಟಾರು

ದೀಪಾವಳಿ ಬಂತಂದ್ರ ನಮ್ಮನ್ಯಾಗ ಅಟ್ಟ ಸ್ವಚ್ಛ ಮಾಡೋದು ಇದ್ದದ್ದ. ಈ ಸಲ ನನ್ನ ಹೆಂಡ್ತಿ ಮ್ಯಾಲಿಂದ ಇಳಿಸಿದ್ದು ನಮ್ಮ ಕಾಕಾನ ಹಳೇ ಎಲೆಕ್ಟ್ರಿಕ್ ಗಿಟಾರು, ಅದರ ಜೋಡಿ ಒಂದು ವಾಲ್ವಿನ ಆಂಪ್ಲಿಫೈಯರ್. ಕಾಕಾ ಒಂದ ಕಾಲಕ್ಕ ಗಣಪತಿ ಆರ್ಕೆಸ್ಟ್ರಾದಾಗ ಬಾರಸ್ತಿದ್ದಾ.

"ಗುಜರಿಗೆ ಹಾಕ್ತೇನಿ, ಆ ಜಾಗಾದಾಗ ಉಪ್ಪಿನಕಾಯಿ ಭರಣಿ ಇಡಬಹುದು" ಅಂದ್ಲು ಇಕಿ.

"ಬ್ಯಾಡವ್ವಾ, ಹಳೇ ಗಿಟಾರಿಗೆ ಕೋಟಿ ರೊಕ್ಕ ಕೊಡೋರಿದ್ದಾರ" ಅಂತ ನನ್ನ ಮಗಾ ಅಂದಾ. ಕೋಟಿ ಅಂದಕೂಡ್ಲೆ ಇಕಿ ಸೆರಗಿಲೇ ಧೂಳಾ ಒರಸಲಿಕ್ಕೆ ಶುರು ಮಾಡಿದ್ಲು ನೋಡ್ರಿ.

ನಾ ಒಂದ ವಾರ ಕೂತು ಓದಿದೆ. ಹುಡುಗ ಹೇಳಿದ್ದು ಖರೇನ ಅದ. ಅಮೇರಿಕಾದ ಗಿಬ್ಸನ್ ಕಂಪನಿ 1958ರಾಗ ಫ್ಲೈಯಿಂಗ್ ವಿ ಅಂತ ಒಂದು ಗಿಟಾರ್ ತಂತು. ಕೊರೀನಾ ಅನ್ನೋ ಆಫ್ರಿಕಾದ ಕಟಗಿ, ಬಾಣದಂಥಾ ಆಕಾರ. ಕೂತು ಬಾರಸಲಿಕ್ಕೆ ಹೋದ್ರ ತೊಡಿ ಮ್ಯಾಲಿಂದ ಜಾರ್ತದ. ಎರಡು ವರ್ಷದಾಗ ನೂರೂ ಹೋಗಲಿಲ್ಲ. ಕೆಲವು ಅಂಗಡಿಯವರು ಅದನ್ನ ಬೋರ್ಡಿನಂಗ ತೂಗು ಹಾಕಿದ್ರಂತ. ಇವತ್ತ ಆಗಿನ ಒಂದೊಂದಕ್ಕೂ ಲಕ್ಷಗಟ್ಟಲೆ ಡಾಲರ್.

ಅದೇ ಕಂಪನಿಯ ಲೆಸ್ ಪಾಲ್ ಸನ್‌ಬರ್ಸ್ಟ್ ಕಥಿನೂ ಹಂಗ. 1958ರಿಂದ 1960ರ ತನಕ ಮಾಡಿದ್ರು, ಹೋಗವಲ್ದು ಅಂತ ಆಕಾರಾನ ಬದಲಿ ಮಾಡಿಬಿಟ್ರು. 1966ರಾಗ ಎರಿಕ್ ಕ್ಲಾಪ್ಟನ್ ಜಾನ್ ಮೇಯಾಲ್ ಜೋಡಿ ಅಂಥಾದೊಂದನ್ನ ಮಾರ್ಷಲ್ ಆಂಪ್ಲಿಫೈಯರಿಗೆ ಹಚ್ಚಿ ಬಾರಿಸಿದಾ. ಆಮ್ಯಾಲೆ ಮಂದಿ ಹುಡುಕ್ಯಾಡಲಿಕ್ಕೆ ಹತ್ತಿದ್ರು. ಕಂಪನಿ 1968ರಾಗ ಲೆಸ್ ಪಾಲ್ ಮತ್ತ ಚಾಲೂ ಮಾಡಬೇಕಾತು. ಅದರ ಕೆಂಪು ಬಣ್ಣಾ ಬಿಸಲಿಗೆ ನಮ್ಮ ಕಿಟಕಿ ಪರದೆಯಂಗ ಹಾರಿ ಹೋಗ್ತಿತ್ತು. ಆಗ ಅದು ದೋಷ, ಈಗ ಅದನ್ನ ಚಂದ ಅಂತಾರ.

ಫೆಂಡರ್‌ನವರು 1958ರಾಗ ಜಾಝ್‌ನವರ ಸಲುವಾಗಿ ಜಾಝ್‌ಮಾಸ್ಟರ್ ತಂದ್ರು. ಜಾಝ್‌ನವರು ಹೊಳ್ಳಿ ನೋಡಲಿಲ್ಲ. ಮುಂದ ಸೆಕೆಂಡ್ ಹ್ಯಾಂಡಿನಾಗ ಸೋವಿ ಸಿಕ್ತದಂತ ರೊಕ್ಕಿಲ್ಲದ ಪಂಕ್ ಹುಡುಗ್ರು ತೊಗೊಂಡ್ರು, ಅವರಿಂದ ಅದಕ್ಕ ಹೆಸರಾತು. ಮಾರ್ಷಲ್‌ನ 18 ವಾಟ್ಸಿನ ಸಣ್ಣ ಆಂಪ್ಲಿಫೈಯರಿಗೂ ಇದ ಗತಿ. ಎಲ್ಲಾರೂ 100 ವಾಟ್ಸಿನ ಅಬ್ಬರಕ್ಕ ಬಿದ್ದಾಗ ಅದು ಮೂಲಿಗೆ ಹೋತು. ಈಗ, ಕಡಿಮಿ ಸಪ್ಪಳದಾಗೂ ವಾಲ್ವ್ ಒಡಕು ದನಿ ಕೊಡ್ತದಂತ ಅದನ್ನ ಹುಡುಕತಾರ.

ಇಷ್ಟು ಓದಿದ ಮ್ಯಾಲೆ ನಂಗ ಒಂದು ತಿಳೀತು: ಮಾರಾಟ ಆಗಲಿಲ್ಲ ಅಂದ್ರ ಸಾಲಂಗಿಲ್ಲ, ಹಿಂದಿಂದ ಯಾರರ ಬಂದು ಅದನ್ನ ಬಾರಸಬೇಕು. ಮೂಲ ಬಣ್ಣಾನೂ ಇರಬೇಕು. ಕಾಕಾಗ ಫೋನ್ ಹಚ್ಚಿದೆ.

"ಅದಕ್ಕ ಕಂಪನಿ ಎಲ್ಲೀದೋ? ಆಂಪ್ಲಿಫೈಯರ್ ರೇಡಿಯೋ ರಿಪೇರಿಯವಾ ಮಾಡಿಕೊಟ್ಟಿದ್ದಾ. ಗಿಟಾರಿಗೆ ಎರಡು ಸಲ ನಾನ ಬಣ್ಣಾ ಹಚ್ಚೇನಿ" ಅಂದಾ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರತಿ ಏನು?" ಅಂತ ಕೇಳಿದಾ.

ಆ ದನಿ ಕೇಳಿ ನಂಗ ನಾಚಿಗಿ ಆತು. "ಇಲ್ಲೋ ಕಾಕಾ, ತಂತಿ ಹಾಕಸೋಣಂತ" ಅಂತ ಸುಳ್ಳ ಹೇಳಿದೆ.

ಹೇಳಿದ ಮ್ಯಾಲೆ ಹಾಕಸಬೇಕಲಾ, ಹಾಕಿಸಿದೆ. ಆಂಪ್ಲಿಫೈಯರ್ ಮಾತ್ರ ಹಚ್ಚಲಿಲ್ಲ. ಹಳೇ ವಾಲ್ವಿನ ಡಬ್ಬಿ, ಪ್ಲಗ್ ತಗದ ಮ್ಯಾಲೂ ಒಳಗಿನ ಕಪ್ಯಾಸಿಟರಿನಾಗ ಕರೆಂಟ್ ಉಳದಿರ್ತದಂತ. ರವಿವಾರ ಕಾಕಾ ಬಂದಾ. ಲಕ್ವಾ ಹೊಡದ ಮ್ಯಾಲೆ ಎಡಗೈ ಬಳ್ಳು ಮಡಚಂಗಿಲ್ಲ. ಅದಕ್ಕ ನನ್ನ ಮಗನ ಬಳ್ಳು ಹಿಡದು ತಂತಿ ಮ್ಯಾಲೆ ಇಟ್ಟಾ, ತಾ ಬಲಗೈಲೇ ಮೀಟಿದಾ. ಇಬ್ಬರೂ ಕೂಡಿ ಸಂಜಿತನಕ ಒಂದ ಹಾಡಿಗೆ ತಂಟೆ ಮಾಡಿದ್ರು.

ಉಪ್ಪಿನಕಾಯಿ ಭರಣಿ ಇನ್ನೂ ಅಡಗಿಮನಿ ನೆಲದ ಮ್ಯಾಲೆ ಅದ. ಇಕಿ ಈಗ ಅದರ ಬಗ್ಗೆ ಮಾತಾಡೋದು ಬಿಟ್ಟಾಳ.