ಜಲ್ಲಿ ದಾರಿಯ ಇಳಿಜಾರು

ಬಾಬಾಬುಡನ್‌ಗಿರಿಗೆ ಬಾಲ್ಯದಲ್ಲಿ ನಾವು ಹೋಗುತ್ತಿದ್ದುದು ಅಬ್ಬಾ ಜೊತೆ, ಬಸ್ಸಿನಲ್ಲಿ. ನಲವತ್ತು ದಾಟಿದ ಮೇಲೆ ಸೈಕಲ್ ಏರಿದೆವು. ಜಲ್ಲಿ ದಾರಿಗೆಂದೇ ಮಾಡಿದ ಅಗಲ ಟಯರಿನ ಸೈಕಲ್. ಮನೆಯವರು ಈಗಲೂ ನಗುತ್ತಾರೆ. ಚಿಕ್ಕಮಗಳೂರಿನಿಂದ ಕೈಮರದ ಮೂಲಕ ಏರುವ ಟಾರು ರಸ್ತೆಯಲ್ಲಿ ಅದರ ಗುಣ ಗೊತ್ತಾಗದು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸಾಲನ್ನು ಕಣ್ತುಂಬ ನೋಡಿ ಇಳಿಯುವಾಗ, ಕಾವಲುಗಾರನನ್ನು ಕೇಳಿಕೊಂಡು ಕಾಫಿ ತೋಟದ ಕಚ್ಚಾ ದಾರಿಗೆ ತಿರುಗಿದೆವು. ಟಯರಿನ ಗಾಳಿ ತುಸು ಇಳಿಸಿದರೆ ಚಕ್ರ ಜಲ್ಲಿಯನ್ನು ಕಚ್ಚಿ ಹಿಡಿಯುತ್ತದೆ. ಮುಂದಿನ ಬ್ರೇಕನ್ನು ಮಾತ್ರ ಒಮ್ಮೆಲೇ ಒತ್ತಬಾರದು. ಒತ್ತಿದೆವು. ಮೊಣಕಾಲು ಸುಲಿಯಿತು.

ಲೈನ್ ಮನೆಯ ಅಜ್ಜಿಯೊಬ್ಬರು ಓಡಿ ಬಂದರು. "ಎಲ್ಲಿಗೆ ಹೋಗಿದ್ದೆ ಮಗಾ?"

ದರ್ಗಾ ಎನ್ನಬೇಕೆ, ಪೀಠ ಎನ್ನಬೇಕೆ? ಗಿರಿಯ ವಿವಾದ ಬೀದಿಗೆ ಬರುವ ಮೊದಲು ನಾವು ಹೀಗೆ ಪದ ತೂಗಿದವರಲ್ಲ. ಅಬ್ಬಾ ಅಂತೂ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಕೇಳದೆಯೇ ಹೇಳುತ್ತಿದ್ದರು.

"ಇಲ್ಲೇ, ಮೇಲಕ್ಕೆ" ಎಂದೆವು.

"ಬಾಬನ ಹತ್ರಾನಾ? ಅದನ್ನ ಹೇಳೋಕೇನು?" ಎಂದು ಗದರಿಸಿ, ಒಳಗಿನಿಂದ ಹಿಡಿ ಕಾಫಿಪುಡಿ ತಂದು ಗಾಯಕ್ಕೆ ಒತ್ತಿದರು. ಬಾಬಾ ಯೆಮನ್‌ನಿಂದ ತಂದರೆನ್ನುವ ಏಳು ಬೀಜಗಳ ಸಂತತಿ ಅದು. ಚುರುಚುರು ಉರಿಯಿತು. ರಕ್ತ ನಿಂತಿತು.