ಸೂಜಿಯಡಿಯ ದನಿ

ನಮ್ಮ ಮನೆಯ ಗ್ರಾಮಫೋನಿನ ತಟ್ಟೆಗಳಲ್ಲಿ ಸವಾಯಿ ಗಂಧರ್ವರವೆಂದರೆ ಬಾಲ್ಯದಲ್ಲಿ ನನಗೆ ಬೇಸರ. ತಂದೆಯವರು ಅವರ ಭೈರವಿಯನ್ನು ಹಚ್ಚಿದೊಡನೆ, "ಅಪ್ಪಾ, ಅಬ್ದುಲ್ ಕರೀಮ್ ಖಾನರದು ಹಚ್ಚರಿ" ಎಂದು ಗೋಗರೆಯುತ್ತಿದ್ದೆ. ಖಾನಸಾಹೇಬರ ದನಿ ಬೆಣ್ಣೆಯಂತಹದು. ಅವರ ಶಿಷ್ಯರಾದ ಇವರದು ಒರಟು, ಎಲ್ಲಿಯೋ ಸಿಕ್ಕಿಕೊಂಡಂತಹದು. ತಂದೆಯವರು ವಾದಿಸುತ್ತಿರಲಿಲ್ಲ. ಸುಮ್ಮನೆ ಸೂಜಿಯನ್ನೆತ್ತಿ ತಟ್ಟೆಯನ್ನು ಬದಲಿಸುತ್ತಿದ್ದರು.

ಮುಂದೆ ನಾನು ಭೀಮಸೇನ ಜೋಶಿಯವರ ಗಾನಕ್ಕೆ ಮರುಳಾದೆ. ಗಂಗೂಬಾಯಿ ಹಾನಗಲ್ಲರ ಬೈಠಕ್ಕು ಎಲ್ಲಿದ್ದರೂ ಓಡುತ್ತಿದ್ದೆ. ಇಬ್ಬರೂ ಕಲಿತದ್ದು ಕುಂದಗೋಳದಲ್ಲಿ, ಇದೇ ಗುರುವಿನ ಬಳಿ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. 1936ರಲ್ಲಿ ಬಂದ ಭೀಮಸೇನರು ಗುರುಗೃಹಕ್ಕೆ ನೀರು ಹೊತ್ತು ಕಲಿತರು. ಇದೆಲ್ಲ ತಿಳಿದಿದ್ದೂ ಗುರುವಿನ ತಟ್ಟೆಗೆ ನಾನು ಕಿವಿಗೊಡಲಿಲ್ಲ. ಆಲದ ನೆರಳಿನಲ್ಲಿ ಕುಳಿತು ಬೇರನ್ನು ಹಳಿಯುವ ಜಾಣತನ!

ತಂದೆಯವರು ತೀರಿಕೊಂಡು ಬಹುಕಾಲವಾಯಿತು. ಆ ತಟ್ಟೆಗಳೂ ಒಡೆದುಹೋದವು. ಕಳೆದ ಮಳೆಗಾಲದಲ್ಲಿ ಮೊಮ್ಮಗನು ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದವನು, "ಅಜ್ಜಾ, ಇದು ನಿಮ್ಮ ಊರ ಕಡೆಯವರದಲ್ಲವೇ?" ಎಂದು ಅದೇ ಭೈರವಿಯನ್ನು ಕೇಳಿಸಿದನು. ಅದೇ ಗರಗರ, ಅದೇ ಗಡಸುದನಿ. ಸಾಕು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಆ ದನಿ ಮೇಲೇರತೊಡಗಿತು. ಮೇಲಿನ ಷಡ್ಜಕ್ಕೆ ಅದು ಹಾರಲಿಲ್ಲ. ಕೆಳಗಿನ ಸ್ವರವನ್ನು ಬಿಡಲಾರದೆ ಎಳೆದು, ತಡೆದು, ಕಡೆಗೊಮ್ಮೆ ತಲುಪಿತು. ಈ ಎಳೆತವನ್ನು ನಾನು ಬಲ್ಲೆ! ಭೀಮಸೇನರ ಹಾಡಿಕೆಯಲ್ಲಿ ನನ್ನ ಕಣ್ಣು ತುಂಬುತ್ತಿದ್ದುದು ಇಂತಹ ಎಡೆಯಲ್ಲಿಯೇ.

ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿತ್ತು. ಸವಾಯಿ ಗಂಧರ್ವರದಾದರೋ ಹುಟ್ಟಿನಿಂದ ಇಂಪಾದ ಕಂಠವಲ್ಲ, ಸಾಧನೆಯಿಂದ ಪಳಗಿಸಿಕೊಂಡದ್ದು. ಬೈಠಕ್ಕಿನಲ್ಲಿ ಅದು ಮೆಲ್ಲನೆ ಕಾದು, ಬಳಿಕ ಅರಳುತ್ತಿತ್ತೆಂದು ಕೇಳಿದವರು ಹೇಳುತ್ತಿದ್ದರು. ಕಾಯುವಷ್ಟರಲ್ಲಿಯೇ ತಟ್ಟೆ ಮುಗಿದರೆ ಆ ದನಿಯೇನು ಮಾಡೀತು? ದ್ರುತದ ಕೆಲವು ಮುದ್ರಿಕೆಗಳು ಇಂದಿಗೂ ನನಗೆ ಅವಸರದವೆನಿಸುತ್ತವೆ. ಭೈರವಿಯ ಮಾತು ಬೇರೆ. ಅಲ್ಲಿ ಆ ಅಲ್ಪಾವಧಿಯಲ್ಲಿಯೂ ಅವರಿಗೆ ಅವಸರವಿಲ್ಲ.

ತಂದೆಯವರು ಕುಂದಗೋಳದ ನಾಡಿಗೇರರ ವಾಡೆಯಲ್ಲಿ ಕಂಬಕ್ಕೊರಗಿ ಅವರನ್ನು ಕೇಳಿದವರು. 1940ರ ದಶಕದಲ್ಲಿ ಪಾರ್ಶ್ವವಾಯು ತಗುಲಿ ಗಂಧರ್ವರ ಗಾನ ನಿಂತಿತು. 1952ರಲ್ಲಿ ಅವರು ತೀರಿಕೊಂಡರು. ಆಮೇಲೆ ತಂದೆಯವರಿಗೆ ಉಳಿದದ್ದು ಆ ತಟ್ಟೆಗಳಷ್ಟೆ. ನಾನು ಕೇಳುತ್ತಿದ್ದುದು 3 ನಿಮಿಷದ ಹಾಡನ್ನು. ಅವರಿಗೆ ಅದರ ಹಿಂದೆ ಇಡೀ ರಾತ್ರಿಯೇ ಕೇಳಿಸುತ್ತಿತ್ತೇನೋ. ಅದನ್ನು ನಾನು ಎಷ್ಟು ಸಲ ಅರ್ಧಕ್ಕೆ ನಿಲ್ಲಿಸಿದೆನೋ ಲೆಕ್ಕವಿಲ್ಲ.

ಈಗ ರಾತ್ರಿ ಊಟವಾದ ಮೇಲೆ ಅದನ್ನು ಕೇಳುತ್ತೇನೆ. ಹಾಡು ಮುಗಿದ ಮೇಲೆ ಸೂಜಿ ಬರಿಯ ತಟ್ಟೆಯನ್ನು ಕೆರೆಯುವ ಸದ್ದೂ ಅದರಲ್ಲಿ ತುಸು ಉಳಿದಿದೆ. ತಂದೆಯವರು ಕುರ್ಚಿಯಿಂದೆದ್ದು ಬರುತ್ತಿದ್ದುದು ಆಗಲೇ.